ಟ್ರಾನ್ಸಿಸ್ಟರ್ ಮೇಲೆ ಯಾಕೆ ಸಿಟ್ಟು?

ಓದುಗರ ಪತ್ರ: ಎಲ್‌ಪಿಬಿ-1 (ಒಂದೇ ಟ್ರಾನ್ಸಿಸ್ಟರಿನ ಸರಳ ಬೂಸ್ಟರ್ ಪೆಡಲ್) ಮಾದರಿಯ ಎರಡು ಹಂತಗಳನ್ನು ಒಂದರ ಹಿಂದೊಂದು ಜೋಡಿಸಿ, 9 ವೋಲ್ಟ್ ಬ್ಯಾಟರಿಯ ಗಿಟಾರ್ ಬೂಸ್ಟರ್ ಮಾಡಿದ್ದೇನೆ. ಮೆಲ್ಲಗೆ ಮೀಟಿದರೂ ಸ್ವರ ಒಡೆಯುತ್ತದೆ. ಕೊನೆಯ ವಾಲ್ಯೂಮ್ ಇಳಿಸಿದರೆ ಸದ್ದು ತಗ್ಗುತ್ತದೆ, ಒಡಕು ಹಾಗೇ ಇರುತ್ತದೆ. ಪೂರ್ತಿ ಏರಿಸಿದರೆ ಶಿಳ್ಳೆ. ಈಗಿರುವ 2ಎನ್5088 ಟ್ರಾನ್ಸಿಸ್ಟರ್ ತೆಗೆದು ಕಡಿಮೆ ಎಚ್‌ಎಫ್‌ಇ (ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆಂಬ ಅಂಕೆ) ಇರುವುದನ್ನು ಹಾಕು ಎನ್ನುತ್ತಾರೆ ಗೆಳೆಯರು. ಹಾಕಲೇ?

ಸಂಪಾದಕರ ಉತ್ತರ: ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ. ವಾಲ್ಯೂಮ್ ಇಳಿಸಿದರೂ ಒಡಕು ಹೋಗದ್ದನ್ನು ನೀವೇ ಗಮನಿಸಿದ್ದೀರಿ. ಒಡಕು ವಾಲ್ಯೂಮಿಗೆ ಮುಂಚೆಯೇ ಆಗುತ್ತಿದೆ ಎಂದಾಯಿತು. ಅರ್ಧ ಉತ್ತರ ಅಲ್ಲೇ ಇತ್ತು; ಅದನ್ನು ಬಿಟ್ಟು ಗೆಳೆಯರ ಮಾತಿಗೆ ಯಾಕೆ ಕಿವಿಗೊಟ್ಟಿರಿ?

ಈ ಸರ್ಕ್ಯೂಟಿನಲ್ಲಿ ಗೇನನ್ನು, ಅಂದರೆ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆಂಬುದನ್ನು, ನಿರ್ಧರಿಸುವುದು ಟ್ರಾನ್ಸಿಸ್ಟರಿನ ಕಲೆಕ್ಟರ್ ಕಾಲಿನ 10ಕೆ (10,000 ಓಮ್) ಮತ್ತು ಎಮಿಟರ್ ಕಾಲಿನ 390 ಓಮ್ ರೆಸಿಸ್ಟರ್‌ಗಳು. ಹಂತವೊಂದಕ್ಕೆ ಸುಮಾರು 22 ಪಟ್ಟು. ಎಚ್‌ಎಫ್‌ಇ 400ರಿಂದ 100ಕ್ಕೆ ಇಳಿದರೂ ಗೇನ್ 20ರ ಆಸುಪಾಸಿನಲ್ಲೇ ಇರುತ್ತದೆ. ಕೆಡುವುದು ಬಯಾಸ್, ಅಂದರೆ ಸಿಗ್ನಲ್ ಇಲ್ಲದಾಗಿನ ವೋಲ್ಟೇಜ್ ಮಟ್ಟ: 4.5 ವೋಲ್ಟ್ ಹತ್ತಿರವಿದ್ದ ಕಲೆಕ್ಟರ್ 6 ದಾಟುತ್ತದೆ, ಅಲೆಯ ಮೇಲ್ಭಾಗ ಇನ್ನೂ ಬೇಗ ಕತ್ತರಿಸಿಹೋಗುತ್ತದೆ.

ಲೆಕ್ಕ ನೋಡಿ. ಗಿಟಾರಿನಿಂದ 100 ಮಿಲಿವೋಲ್ಟ್ ಬಂದರೆ ಎರಡನೇ ಹಂತದ ಬಾಗಿಲಿಗೆ 1.7 ವೋಲ್ಟ್ ಮುಟ್ಟುತ್ತದೆ. ಆ ಹಂತ ಒಡೆಯದೆ ತಾಳಿಕೊಳ್ಳುವುದು 0.18 ವೋಲ್ಟ್ ಮಾತ್ರ. ಅಂದರೆ ನಡುವೆ ಹತ್ತರಲ್ಲಿ ಒಂಬತ್ತು ಪಾಲು ಬಿಸಾಡಬೇಕು. ಬಿಸಾಡಲು ಮನಸ್ಸು ಬರುವುದಿಲ್ಲ, ಅದೇ ತೊಂದರೆ!

ಮೊದಲ ಕಲೆಕ್ಟರಿನಿಂದ ಬರುವ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಆದಮೇಲೆ, ಎರಡನೇ ಟ್ರಾನ್ಸಿಸ್ಟರಿನ ಬೇಸಿಗೆ (ಸಿಗ್ನಲ್ ಒಳಹೋಗುವ ಕಾಲಿಗೆ) ಮುಂಚೆ, ಸರಣಿಯಲ್ಲಿ ಒಂದು 470ಕೆ ರೆಸಿಸ್ಟರ್ ಬೆಸೆಯಿರಿ. ಅಷ್ಟೇ. ಎರಡನೇ ಹಂತದ 430ಕೆ, 43ಕೆ ಬಯಾಸ್ ರೆಸಿಸ್ಟರ್‌ಗಳೂ ಟ್ರಾನ್ಸಿಸ್ಟರೂ ಸೇರಿ ಸುಮಾರು 32ಕೆ ಇನ್‌ಪುಟ್ ಪ್ರತಿರೋಧ ಆಗುತ್ತದೆ. 470ಕೆ ಜೊತೆ ಸೇರಿ ವೋಲ್ಟೇಜನ್ನು ಹಂಚಿ ತಗ್ಗಿಸುವ ಡಿವೈಡರಿನ ಕೆಳಗಿನ ಕಾಲು ಅದೇ. ಬೇಸಿಗೆ ಈಗ 0.14 ವೋಲ್ಟ್ ಸಿಗುತ್ತದೆ. ಕೆಪಾಸಿಟರ್ ಡಿಸಿ ತಡೆಯುವುದರಿಂದ ಬಯಾಸ್ ಅಲುಗುವುದಿಲ್ಲ. ಒಟ್ಟು ಗೇನ್ 380ರಿಂದ 30ರ ಸುಮಾರಿಗೆ ಇಳಿಯುತ್ತದೆ, ಶಿಳ್ಳೆಯೂ ಹೋಗಬೇಕು. ಹೋಗದಿದ್ದರೆ ಇನ್‌ಪುಟ್ ಮತ್ತು ಔಟ್‌ಪುಟ್ ತಂತಿಗಳು ಪಕ್ಕಪಕ್ಕದಲ್ಲಿ ಓಡಿವೆಯೇ ನೋಡಿ.

ಹಲವರು ಇಲ್ಲಿ ಎಡವುವುದು ಹೀಗೆ: ಡಿವೈಡರ್ ಪೂರ್ತಿ ಇರಲಿ ಎಂದು ಬೇಸಿನಿಂದಲೇ ಗ್ರೌಂಡಿಗೆ 10ಕೆ ಹಾಕುತ್ತಾರೆ. ಬೇಸ್ 0.2 ವೋಲ್ಟಿಗಿಂತ ಕೆಳಗಿಳಿದು ಟ್ರಾನ್ಸಿಸ್ಟರ್ ಮಲಗಿಬಿಡುತ್ತದೆ. ಗ್ರೌಂಡಿಗೆ ರೆಸಿಸ್ಟರ್ ಬೇಕೇ ಬೇಕೆಂದರೆ ಅದರ ನಂತರ ಇನ್ನೊಂದು ಕೆಪಾಸಿಟರ್ ಹಾಕಿಯೇ ಬೇಸಿಗೆ ಹೋಗಿ. ಜೆಫೆಟ್ (ಇನ್ನೊಂದು ಬಗೆಯ ಟ್ರಾನ್ಸಿಸ್ಟರ್) ಹಂತವಾದರೆ ಅದರ ಇನ್‌ಪುಟ್ ಕಾಲಾದ ಗೇಟಿನ 1 ಮೆಗಾಓಮ್ ಎದುರು 470ಕೆ ಮೂರನೇ ಒಂದು ಪಾಲನ್ನಷ್ಟೇ ತಗ್ಗಿಸುತ್ತದೆ. ಅಲ್ಲಿ 100ಕೆ ಸರಣಿಯಲ್ಲಿ, 10ಕೆ ಗ್ರೌಂಡಿಗೆ.

470ಕೆ ಬಂದಮೇಲೆ ತಗ್ಗು ಸ್ವರಗಳು ಮೊದಲಿಗಿಂತ ಹೆಚ್ಚು ನುಗ್ಗುತ್ತವೆ. ಮಂಕೆನಿಸಿದರೆ ಆ 0.1 ತೆಗೆದು 4.7 ನ್ಯಾನೋಫ್ಯಾರಡ್ ಹಾಕಿ. 66 ಹರ್ಟ್ಸ್ ಸುಮಾರಿನಿಂದ ಕೆಳಗೆ ಇಳಿಕೆ ಶುರುವಾಗುತ್ತದೆ.

ಗೇನ್ ತಗ್ಗಿಸಲು ಎಮಿಟರ್ ರೆಸಿಸ್ಟರ್ ಹೆಚ್ಚಿಸುವ ದಾರಿಯೂ ಇದೆ, ಒಪ್ಪುತ್ತೇನೆ. ಹಂಬಕರ್ (ಜೋರು ಸಿಗ್ನಲ್ ಕೊಡುವ, ಎರಡು ಸುರುಳಿಯ ಪಿಕಪ್) ಇರುವ ಗಿಟಾರನ್ನು ಜೋರಾಗಿ ಬಾರಿಸುವವರಿಗೆ ಮೊದಲ ಹಂತದಲ್ಲಿ ಅದು ಬೇಕಾಗಲೂಬಹುದು. ಆದರೆ 390 ತೆಗೆದು 1ಕೆ ಹಾಕಿದವರು 430ಕೆ ಜಾಗಕ್ಕೆ 330ಕೆ ಹಾಕದಿದ್ದರೆ ಕಲೆಕ್ಟರ್ 7 ವೋಲ್ಟ್ ತಲುಪುತ್ತದೆ. ಇದನ್ನು ಹೇಳಿಕೊಡುವವರು ಕಡಿಮೆ.

ಬಿಗ್ ಮಫ್ ಎಂಬ ಫಜ್ ಪೆಡಲ್ ನೋಡಿ: ಒಡಕಿನ ಪ್ರಮಾಣ ಹೊಂದಿಸುವ ಸಸ್ಟೇನ್ ಗುಬುಟು ಮೊದಲ ಹಂತಕ್ಕೂ ಒಡೆಯುವ ಹಂತಗಳಿಗೂ ನಡುವೆ ಇದೆ, ವಾಲ್ಯೂಮ್ ಕೊನೆಯಲ್ಲಿ. ಎರಡಕ್ಕೂ ಬೇರೆ ಬೇರೆ ಕೆಲಸ. ಇದೇನೂ ಗುಟ್ಟಲ್ಲ. ಆದರೂ ಪೆಡಲ್ ಕಟ್ಟುವವರ ಮಾತೆಲ್ಲ ಯಾವ ಟ್ರಾನ್ಸಿಸ್ಟರಿಗೆ ಎಂಥ ನಾದ ಎಂಬುದರಲ್ಲೇ ಮುಗಿಯುತ್ತದೆ. ಬಡಪಾಯಿ ರೆಸಿಸ್ಟರನ್ನು ಕೇಳುವವರಿಲ್ಲ. ಸರ್ಕ್ಯೂಟ್ ಚಿತ್ರಗಳಲ್ಲಿ ಭಾಗಗಳ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ, ಯಾವ ಕಾಲಿನಲ್ಲಿ ಎಷ್ಟು ವೋಲ್ಟ್ ಇರಬೇಕೆಂಬುದು ಮಾತ್ರ ಇರುವುದಿಲ್ಲ. ನಿಮ್ಮ ಪತ್ರದಲ್ಲೂ ಇಲ್ಲ! ಮುಂದಿನ ಸಲ ಎರಡೂ ಕಲೆಕ್ಟರುಗಳ ವೋಲ್ಟೇಜ್ ಅಳೆದು ಬರೆಯಿರಿ.