ಕೊಳೆ ಔಷಧಿಗೂ ವಂಶಾವಳಿಗೂ ಏನು ಸಂಬಂಧ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ: "ತಿಮಿಂಗಿಲಕ್ಕೆ ಹಿಪ್ಪೊ ಹತ್ತಿರದ ನೆಂಟ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ಓದಲು ಚೆನ್ನಾಗಿತ್ತು. ಆದರೆ ಯಾವುದಕ್ಕೆ ಯಾವುದು ಮೂಲ ಎಂದು ಹುಡುಕಿ ಜೀವಿಗಳನ್ನು ಗುಂಪು ಮಾಡಿದರೆ ನಮ್ಮಂಥ ಅಡಿಕೆ ಬೆಳೆಗಾರರಿಗೆ ಏನು ಬಂತು? ಮರ, ಬಳ್ಳಿ, ಹುಳ, ಬೂಷ್ಟು, ಇಷ್ಟು ಗೊತ್ತಿದ್ದರೆ ಸಾಲದೇ?"

ಸಂಪಾದಕರ ಉತ್ತರ:

ತಿಮಿಂಗಿಲ ಬಿಡಿ, ನಿಮ್ಮ ತೋಟಕ್ಕೇ ಬರೋಣ. ಅಲ್ಲಿ ಕಾಯಿ ಕೊಳೆಸಿ ಉದುರಿಸುವ ಕೊಳೆ ರೋಗದ ಕಾಟವೂ ಇದೆ, ಎಲೆಚುಕ್ಕಿಯ ಕಾಟವೂ ಇದೆ ಅಲ್ವಾ? ಎರಡನ್ನೂ ಶಿಲೀಂಧ್ರ ರೋಗ ಎಂದೇ ಕರೆಯುತ್ತೇವೆ. ಆದರೆ ವಂಶ ಹಿಡಿದು ನೋಡಿದರೆ ಒಂದಕ್ಕೊಂದು ದೂರ ದೂರ. ಎಲೆಚುಕ್ಕಿ ತರುವ ಕೊಲೆಟೋಟ್ರೈಕಮ್ ನಿಜವಾದ ಶಿಲೀಂಧ್ರ, ಅಣಬೆಯ ಕಡೆಯದು. ಕೊಳೆ ತರುವ ಫೈಟಾಫ್ತೊರ ಕಣ್ಣಿಗೆ ಬೂಷ್ಟಿನ ಹಾಗೆ ಕಂಡರೂ ಕಂದು ಕಡಲಪಾಚಿಯ ದಾಯಾದಿ. ಅಣಬೆಗೆ ಅದಕ್ಕಿಂತ ನಾವು ನೀವೇ ಹತ್ತಿರದ ನೆಂಟರು!

ಇದು ಬರೀ ಹೆಸರಿನ ಜಗಳವಲ್ಲ, ಔಷಧಿ ಖರ್ಚಿನ ಲೆಕ್ಕ. ಎಲೆಚುಕ್ಕಿಗೆ ಹೊಡೆಯುವ ಪ್ರೊಪಿಕೊನಜೋಲ್ ಜಾತಿಯ ಔಷಧಿಗಳು ಶಿಲೀಂಧ್ರ ತನ್ನೊಳಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ತಯಾರಿಸುವುದನ್ನು ತಡೆಯುತ್ತವೆ. ಫೈಟಾಫ್ತೊರ ಅದನ್ನು ತಯಾರಿಸುವುದೇ ಇಲ್ಲ. ಇಲ್ಲದ ಕೆಲಸವನ್ನು ನಿಲ್ಲಿಸುವುದು ಹೇಗೆ? ಆ ಔಷಧಿಯನ್ನು ಕೊಳೆಗೆ ಹೊಡೆದರೆ ದುಡ್ಡು ದಂಡ. ಮೆಟಲಾಕ್ಸಿಲ್ ಎಂಬ ಔಷಧಿ ಇದಕ್ಕೆ ತಿರುಗುಮುರುಗು. ಫೈಟಾಫ್ತೊರದ ಬಳಗಕ್ಕೆ ನಾಟುತ್ತದೆ, ನಿಜವಾದ ಶಿಲೀಂಧ್ರಕ್ಕೆ ಅಷ್ಟಾಗಿ ತಾಗುವುದಿಲ್ಲ. ಮಳೆ ಹಿಡಿದುಕೊಂಡಾಗಲೇ ಕೊಳೆ ಏಕೆ ಜಾಸ್ತಿ ಎಂಬುದಕ್ಕೂ ಕುಲದ ಗುಣವೇ ಕಾರಣ. ಇದರ ಬೀಜಾಣುಗಳಿಗೆ ಕಡಲಪಾಚಿಯ ಬೀಜಾಣುಗಳ ಹಾಗೆ ಎರಡೆರಡು ಬಾಲ. ಕಾಯಿಯ ಮೇಲಿನ ನೀರಿನಲ್ಲಿ ಈಜಿಕೊಂಡು ಹೋಗುತ್ತವೆ.

ಇನ್ನು ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತ (ತಾಮ್ರದ ಲವಣ), ಒಂದು ಕಿಲೋ ಸುಣ್ಣ, 100 ಲೀಟರ್ ನೀರು, ನಿಮಗೆ ಹೇಳಬೇಕಾಗಿಲ್ಲ. ಇದು ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ಅಲ್ಲಿ ಬಳ್ಳಿಯನ್ನು ಕಾಡುತ್ತಿದ್ದದ್ದೂ ಇದೇ ಬಳಗದ ಒಂದು ಜೀವಿ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಕೊಳೆಸಿ ಬರ ತಂದದ್ದು ಫೈಟಾಫ್ತೊರವೇ, ಜಾತಿ ಮಾತ್ರ ಬೇರೆ. ನಮ್ಮಲ್ಲಿ ಆಗ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ಮೈಸೂರು ಸರ್ಕಾರದ ಕೆಲಸಕ್ಕೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಆ ಬಳಗದ್ದೇ ಎಂದು 1910ರಲ್ಲಿ ಬರೆದರು. ದ್ರಾಕ್ಷಿಯ ಔಷಧಿ ಅಡಿಕೆ ಮರ ಹತ್ತಿತು. ತಾಮ್ರ ಎಲೆಚುಕ್ಕಿಯ ಶಿಲೀಂಧ್ರವನ್ನೂ ಬಿಡುವುದಿಲ್ಲ, ಅದು ಬೇರೆ ಮಾತು.

ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿಗೆ ಸೊರಗು ರೋಗ ತರುವುದೂ ಇನ್ನೊಂದು ಫೈಟಾಫ್ತೊರ. ಇಲ್ಲಿ ಗಿಡದ ವಂಶಾವಳಿ ಕೆಲಸಕ್ಕೆ ಬಂತು. ದಕ್ಷಿಣ ಅಮೆರಿಕದ ಕೊಲುಬ್ರಿನಂ ಎಂಬ ಹಿಪ್ಪಲಿ ಮೆಣಸಿನ ಕುಲದ್ದೇ, ಬೇರಿಗೆ ಈ ರೋಗ ತಡೆಯುವ ಶಕ್ತಿ ಇದೆ. ಹಾಗಾಗಿ ಅದರ ಮೇಲೆ ಮೆಣಸು ಕಸಿ ಕಟ್ಟುತ್ತಾರೆ. ಹುಟ್ಟಿದಾಗಿನಿಂದ ಅಪ್ಪಿಕೊಂಡೇ ಬೆಳೆದರೂ ಅಡಿಕೆ ಮರಕ್ಕೆ ಮೆಣಸನ್ನು ಕಸಿ ಮಾಡಲು ಬರುವುದಿಲ್ಲ ನೋಡಿ. ಕೊಲುಬ್ರಿನಂ ಜೌಗು ನೆಲದ ಗಿಡ. ಬೇಸಿಗೆಯಲ್ಲಿ ನೀರು ಕೊಡಲು ಆಗದವರು ಈ ಕಸಿಯ ಗೋಜಿಗೆ ಹೋಗದಿರುವುದೇ ವಾಸಿ.

ತೋಟದ ಆಚೆಗೂ ಉದಾಹರಣೆ ಉಂಟು. ಕ್ಯಾನ್ಸರ್ ಔಷಧಿ ಟ್ಯಾಕ್ಸಾಲ್ ಮೊದಲು ಸಿಕ್ಕಿದ್ದು ಅಮೆರಿಕದ ಯೂ ಮರದ ತೊಗಟೆಯಲ್ಲಿ. ತೊಗಟೆ ಸುಲಿದರೆ ಮರವೇ ಸಾಯುತ್ತದೆ. ಅದರ ನೆಂಟ ಯುರೋಪಿನ ಯೂ ಮರದ ಎಲೆಯಲ್ಲಿ ಔಷಧಿಗೆ ಬೇಕಾದ ಕಚ್ಚಾ ವಸ್ತು ಸಿಕ್ಕಿತು. ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ.

ಹಾಗಂತ ನೆಂಟಸ್ತಿಕೆ ಹಿಡಿದು ಹೋದರೆ ಎಲ್ಲವೂ ಸಿಗುತ್ತದೆ ಎಂದು ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಕ್ಯಾಂಪ್ಟೊಥೆಸಿನ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧಿಯ ಮೂಲವಸ್ತು ಮೊದಲು ದೊರೆತದ್ದು ಚೀನಾದ ಒಂದು ಮರದಲ್ಲಿ. ಆಮೇಲೆ ಅದು ನಮ್ಮ ಪಶ್ಚಿಮ ಘಟ್ಟದ, ಹೂವು ಕೆಟ್ಟ ವಾಸನೆ ಬೀರುವ ಒಂದು ಮರದಲ್ಲೂ ಧಾರಾಳವಾಗಿ ಸಿಕ್ಕಿತು. ಈ ಎರಡು ಮರಗಳಿಗೆ ಹತ್ತಿರದ ಸಂಬಂಧವೇನೂ ಇಲ್ಲ. ಅಂಥ ಕಡೆ ಕಾಡು ಸುತ್ತಿ ಒಂದೊಂದೇ ಗಿಡ ಪರೀಕ್ಷೆ ಮಾಡದೆ ಬೇರೆ ದಾರಿಯಿಲ್ಲ.