ಮದ್ದು ಸೊಪ್ಪು ಮಾತ್ರೆಯಾಗೋಕೆ ಏನು ಅಡ್ಡಿ?

ಪ್ರಶ್ನೆ: ಕಕ್ಕಡ ಹದಿನೆಂಟಕ್ಕೆ, ಅಂದರೆ ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ, ನಮ್ಮ ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ತಪ್ಪುವುದಿಲ್ಲ. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅಂತ ಹಿರಿಯರು ಹೇಳುತ್ತಾರೆ. ಬಿ.ಫಾರ್ಮಾ ಓದುತ್ತಿರುವ ಮಗಳು ಮಾತ್ರ ‘ಪುರಾವೆ ಎಲ್ಲಿದೆ?’ ಅಂತ ಜಗಳಕ್ಕೆ ಬರುತ್ತಾಳೆ. ತಲೆತಲಾಂತರದಿಂದ ತಿಂದುಕೊಂಡು ಬಂದಿರುವುದೇ ಪುರಾವೆ ಅಲ್ವಾ? ಇದನ್ನು ಮಾತ್ರೆ ಮಾಡೋಕೆ ಹತ್ತು ಹದಿನೈದು ವರ್ಷ ಯಾಕೆ ಬೇಕು?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಪಾಯಸ ಬಿಡಬೇಡಿ. ನಾನೂ ಬಿಡುವುದಿಲ್ಲ. ಆದರೆ ಜಗಳದಲ್ಲಿ ನಾನು ನಿಮ್ಮ ಮಗಳ ಕಡೆ.

ಸೊಪ್ಪು, ದಂಟು ಕುದಿಸಿದಾಗ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುವುದನ್ನು ನೀವು ನೋಡಿಯೇ ಇರುತ್ತೀರಿ. ಪಾಯಸ ತಿಂದ ಮೇಲೆ ಮೂತ್ರ ಕೆಂಪಗೆ ಬರುತ್ತದೆ. ಹೊಸದಾಗಿ ಮದುವೆಯಾಗಿ ಬಂದ ಹೊರಗಿನ ಅಳಿಯಂದಿರು ಗಾಬರಿಯಾಗುವುದೂ ಉಂಟು! ಆ ಬಣ್ಣದಿಂದ ಒಂದು ಸಂಗತಿ ಗೊತ್ತಾಗುತ್ತದೆ. ಸೊಪ್ಪಿನಲ್ಲಿದ್ದ ಏನೋ ಒಂದು ಕರುಳಿನಿಂದ ರಕ್ತಕ್ಕೆ ಸೇರಿತು, ಮೂತ್ರಪಿಂಡದ ಮೂಲಕ ಹೊರಗೆ ಹೋಯಿತು. ಅಷ್ಟೇ. ದಾರಿಯಲ್ಲಿ ಅದು ಯಾವ ಕಾಯಿಲೆಯನ್ನು ವಾಸಿ ಮಾಡಿತು ಅನ್ನುವುದು ಬಣ್ಣ ನೋಡಿದರೆ ತಿಳಿಯುವುದಿಲ್ಲ.

ತಲೆತಲಾಂತರದ ಅನುಭವಕ್ಕೂ ಬೆಲೆ ಇದೆ. ವರ್ಷಕ್ಕೊಮ್ಮೆ ಒಂದು ಬಟ್ಟಲು ತಿಂದರೆ ಆರೋಗ್ಯವಂತರು ಹಾಸಿಗೆ ಹಿಡಿಯುವುದಿಲ್ಲ ಅನ್ನುವುದು ಅದರಿಂದ ಗೊತ್ತು. ದಿನಕ್ಕೆರಡು ಸಲದಂತೆ ವರ್ಷಗಟ್ಟಲೆ ತಿಂದರೆ? ಬಸುರಿಯರು ತಿಂದರೆ? ಬಿಪಿ ಮಾತ್ರೆಯ ಜೊತೆ ತಿಂದರೆ? ಅಂಥ ಅನುಭವ ಯಾರಿಗೂ ಇಲ್ಲ. ಸಾವಿರಕ್ಕೆ ಒಬ್ಬರಿಗೆ ತೊಂದರೆ ಆಗಿದ್ದರೂ ಅದಕ್ಕೆ ಸೊಪ್ಪು ಕಾರಣ ಅಂತ ಯಾರೂ ಲೆಕ್ಕ ಹಾಕಿರುವುದಿಲ್ಲ.

ಇನ್ನೊಂದು ತೊಡಕು ಇದೆ. ಕಕ್ಕಡ ಅಂದರೆ ಜೋರು ಮಳೆಗಾಲ. ಗದ್ದೆ ಕೆಲಸ, ಚಳಿ, ಮೈಕೈ ನೋವು, ಕೆಮ್ಮು. ಒಂದು ತಿಂಗಳು ಕಳೆದರೆ ಮಳೆ ಇಳಿಯುತ್ತದೆ, ಕೆಲಸ ಮುಗಿಯುತ್ತದೆ, ನೋವೂ ಕಮ್ಮಿಯಾಗುತ್ತದೆ. ಹೆಸರು ಯಾರಿಗೆ? ಪಾಯಸಕ್ಕೆ! ಪಾಯಸ ತಿನ್ನದೆ ಇದ್ದಿದ್ದರೂ ನೋವು ಇಳಿಯುತ್ತಿತ್ತೇನೋ. ಇದನ್ನು ಬಿಡಿಸಿ ನೋಡಲು ಇರುವ ದಾರಿ ಒಂದೇ. ಒಂದೇ ಥರದ ನೋವಿರುವ ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಬೇಕು. ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ನೋಡೋಕೆ ಹಾಗೇ ಇರುವ ಆದರೆ ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಸಿಕ್ಕಿದೆ ಅಂತ ರೋಗಿಗೂ ಗೊತ್ತಿರಬಾರದು, ಡಾಕ್ಟರಿಗೂ ಗೊತ್ತಿರಬಾರದು. ಇಲ್ಲಿ ಮದ್ದು ಸೊಪ್ಪಿನ ಬಣ್ಣವೇ ಗುಟ್ಟು ರಟ್ಟು ಮಾಡುತ್ತದೆ ಅನ್ನುವುದು ಬೇರೆ ತಲೆನೋವು.

ಹಳೆಯ ತಿಳಿವಳಿಕೆಯಿಂದ ದೊಡ್ಡ ಔಷಧಿಗಳು ಬಂದಿಲ್ಲ ಅಂತಲ್ಲ. 1967ರಲ್ಲಿ ಚೀನಾ ಮಲೇರಿಯಾಕ್ಕೆ ಮದ್ದು ಹುಡುಕಲು ದೊಡ್ಡ ಯೋಜನೆ ಶುರು ಮಾಡಿತು. ತು ಯೂಯೂ ಅನ್ನುವ ವಿಜ್ಞಾನಿಯ ತಂಡ ಹಳೆಯ ವೈದ್ಯ ಗ್ರಂಥಗಳನ್ನು ಜಾಲಾಡಿತು. ಒಂದು ಗಿಡ ಒಮ್ಮೆ ಕೆಲಸ ಮಾಡಿತು, ಮತ್ತೆ ಮಾಡಲಿಲ್ಲ. 4ನೇ ಶತಮಾನದ ಒಂದು ಗ್ರಂಥದಲ್ಲಿ ಆ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಅಂತಿತ್ತು. ಕುದಿಸಿ ಅಂತ ಇರಲಿಲ್ಲ. ಬಿಸಿಗೆ ಔಷಧಿ ಹಾಳಾಗುತ್ತಿರಬಹುದು ಅಂತ ಆಕೆಗೆ ಹೊಳೆಯಿತು. ಕಡಿಮೆ ಬಿಸಿಯಲ್ಲಿ ಈಥರ್ ಅನ್ನುವ ದ್ರಾವಕ ಬಳಸಿ ಸಾರ ತೆಗೆದರು. 1971ರಲ್ಲಿ ಅದು ಇಲಿ, ಕೋತಿಗಳ ಮಲೇರಿಯಾವನ್ನು ಓಡಿಸಿತು. ರೋಗಿಗಳಿಗೆ ಕೊಡುವ ಮೊದಲು ಆಕೆಯೇ ಅದನ್ನು ತೆಗೆದುಕೊಂಡರು. ಆರ್ಟಿಮಿಸಿನಿನ್ ಹುಟ್ಟಿದ್ದು ಹೀಗೆ. 2015ರಲ್ಲಿ ಆಕೆಗೆ ನೊಬೆಲ್ ಬಂತು. ಹಳೆಯ ಗ್ರಂಥ ದಾರಿ ತೋರಿಸಿತು, ನಡೆದದ್ದು ಪ್ರಯೋಗಾಲಯ.

ಮದ್ದು ಸೊಪ್ಪೂ ಅದೇ ದಾರಿ ಹಿಡಿಯಬೇಕು. ಅದರ ಸಾರದ ಮೇಲೆ ಪ್ರಯೋಗಾಲಯದಲ್ಲಿ ಅಧ್ಯಯನಗಳು ಆಗಿವೆ, ಆದರೆ ಗಾಜಿನ ನಳಿಗೆಯಲ್ಲಿ ಕೆಲಸ ಮಾಡಿದ್ದೆಲ್ಲ ದೇಹದಲ್ಲಿ ಮಾಡುವುದಿಲ್ಲ. ಮುಂದೆ ಪ್ರಾಣಿಗಳ ಮೇಲೆ ಪರೀಕ್ಷೆ. ಆಮೇಲೆ ಮನುಷ್ಯರು: ಮೊದಲ ಹಂತದಲ್ಲಿ ಹತ್ತಾರು ಜನ, ಎರಡನೆಯದರಲ್ಲಿ ನೂರಾರು ರೋಗಿಗಳು, ಮೂರನೆಯದರಲ್ಲಿ ಸಾವಿರಾರು. ಮನುಷ್ಯರ ಪರೀಕ್ಷೆಗೆ ಬಂದ ಹತ್ತು ಔಷಧಿಗಳಲ್ಲಿ ಕೊನೆಗೆ ಒಪ್ಪಿಗೆ ಸಿಗುವುದು ಹೆಚ್ಚುಕಡಿಮೆ ಒಂದಕ್ಕೆ. ಇಷ್ಟೊಂದು ಕಟ್ಟುನಿಟ್ಟು ಸುಮ್ನೆ ಬಂದಿದ್ದಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಅನ್ನುವ ನಿದ್ದೆ ಮಾತ್ರೆಯನ್ನು ಬಸುರಿಯರೂ ನುಂಗಿದರು. 1961ರಲ್ಲಿ ವಾಪಸ್ ತೆಗೆಯುವ ಹೊತ್ತಿಗೆ ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ್ದರು.

ನಮ್ಮಲ್ಲಿ ಹೊಸ ಔಷಧಿಗೆ ಒಪ್ಪಿಗೆ ಕೊಡುವುದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ. ಗಿಡದ ಸಾರವನ್ನು ಶುದ್ಧ ಮಾಡಿ, ಪ್ರಮಾಣ ಗೊತ್ತು ಮಾಡಿ ಔಷಧಿಯಾಗಿ ತರಲು 2015ರಿಂದ ಬೇರೆಯೇ ನಿಯಮ ಇದೆ. ಅಂದರೆ ಬಾಗಿಲು ತೆರೆದಿದೆ. ಖರ್ಚು ಮಾಡುವವರು ಬೇಕು. ಕಂಪನಿಗಳು ಹಿಂದೆ ಮುಂದೆ ನೋಡುತ್ತವೆ, ಯಾಕೆಂದರೆ ಊರಿಗೆಲ್ಲ ಗೊತ್ತಿರುವ ಪಾರಂಪರಿಕ ತಿಳಿವಳಿಕೆಗೆ ನಮ್ಮ ಕಾನೂನು ಪೇಟೆಂಟ್ ಕೊಡುವುದಿಲ್ಲ. ನನ್ನ ಪ್ರಕಾರ ಇದಕ್ಕೆ ಸರ್ಕಾರದ ಹಣವೇ ಬೇಕು.

ಪ್ರಶ್ನೆ: ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ. ಮೈಸೂರಿನ ಆಸ್ಪತ್ರೆಯಲ್ಲಿ ಹೊಸ ಇಂಜೆಕ್ಷನ್‌ನ ಟ್ರಯಲ್‌ಗೆ ಸೇರುತ್ತೀರಾ ಅಂತ ಕೇಳಿದ್ದಾರೆ. ‘ನಾನೇನು ಇಲಿನಾ?’ ಅಂತ ಮಾವ ಸಿಟ್ಟಾಗಿದ್ದಾರೆ. ಸಹಿ ಹಾಕಬಹುದಾ?
– ಎಸ್ಟೇಟ್ ರೈಟರ್, ಸಿದ್ದಾಪುರ

ಉತ್ತರ: ಹಾಕಬಹುದು, ಆದರೆ ಅಂದೇ ಬೇಡ. ಟ್ರಯಲ್ ಬಗ್ಗೆ ವಿವರಿಸುವ ಒಪ್ಪಿಗೆ ಕಾಗದವನ್ನು ಕನ್ನಡದಲ್ಲಿ ಕೇಳಿ ಪಡೆದು ಮನೆಗೆ ತನ್ನಿ. ಮಾವನವರಿಗೆ ಓದಲು ಬರದಿದ್ದರೆ ಟ್ರಯಲ್‌ಗೆ ಸಂಬಂಧ ಇಲ್ಲದ ಸಾಕ್ಷಿಯೊಬ್ಬರು ಎದುರಿಗೆ ಇರಲೇಬೇಕು.

ಕಾಗದದಲ್ಲಿ ಸಿಟಿಆರ್‌ಐ (CTRI – ದೇಶದ ಔಷಧಿ ಪರೀಕ್ಷೆಗಳ ನೋಂದಣಿ ಪಟ್ಟಿ) ಅಂತ ಶುರುವಾಗುವ ನೋಂದಣಿ ಸಂಖ್ಯೆ ಹುಡುಕಿ. 2009ರಿಂದ ಇದು ಕಡ್ಡಾಯ. ಇಂಟರ್‌ನೆಟ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರು ನಡೆಸುತ್ತಿದ್ದಾರೆ, ಎಷ್ಟು ಜನರ ಮೇಲೆ, ಎಷ್ಟನೇ ಹಂತ ಎಲ್ಲ ಸಿಗುತ್ತದೆ. ಮೂರನೇ ಹಂತ ಅಂದರೆ ಮಾವನವರಿಗಿಂತ ಮೊದಲೇ ನೂರಾರು ಜನ ಅದನ್ನು ತೆಗೆದುಕೊಂಡಿದ್ದಾರೆ ಅಂತ ಅರ್ಥ. ರೋಗಿಗಳಿಗೆ ಅನ್ಯಾಯ ಆಗದಂತೆ ಟ್ರಯಲ್ ಮೇಲೆ ಕಣ್ಣಿಡುವ ನೈತಿಕ ಸಮಿತಿಯ ಫೋನ್ ನಂಬರೂ ಇರಬೇಕು. ಆ ಸಮಿತಿಯಲ್ಲಿ ಡಾಕ್ಟರುಗಳಲ್ಲದೆ ಕಾನೂನು ತಿಳಿದವರು, ಜನಸಾಮಾನ್ಯರು ಕೂಡ ಇರುತ್ತಾರೆ.

2019ರ ನಿಯಮದ ಪ್ರಕಾರ ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಅದಕ್ಕಾಗಿ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಈಗಿನ ಸಕ್ಕರೆ ಮಾತ್ರೆ ಮುಂದುವರಿಯುತ್ತದಾ ಅಂತ ಮಾತ್ರ ಸ್ಪಷ್ಟವಾಗಿ ಕೇಳಿ.

ಕಾಗದದಲ್ಲಿ ಬರೆದಿರದ ಕೆಲವು ಪ್ರಶ್ನೆ ನಿಮ್ಮ ಕಡೆಯಿಂದ ಹೋಗಲಿ. ಎಷ್ಟು ಸಲ ಮೈಸೂರಿಗೆ ಬರಬೇಕು, ಬಸ್ ಚಾರ್ಜು ಯಾರು ಕೊಡುತ್ತಾರೆ? ರಾತ್ರಿ ಮೈ ನಡುಗಿ ಬೆವರಿದರೆ ಯಾರಿಗೆ ಫೋನ್ ಮಾಡಬೇಕು, ಅವರು ಎತ್ತುತ್ತಾರಾ? ಇಂಥ ಇಂಜೆಕ್ಷನ್‌ಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿಯಲ್ಲಿ ಫ್ರಿಜ್‌ನಲ್ಲಿ ಇಡಬೇಕು. ಜುಲೈನಲ್ಲಿ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರುವುದಿಲ್ಲ, ಆಗ ಏನು ಮಾಡಲಿ ಅಂತ ಕೇಳಿ ನೋಡಿ. ಅದಕ್ಕೆ ಸರಿಯಾದ ಉತ್ತರ ಕೊಟ್ಟು, ಐಸ್ ಪೆಟ್ಟಿಗೆಯನ್ನೋ ಹೊಸ ಇಂಜೆಕ್ಷನ್ನನ್ನೋ ಕೊಡಲು ಒಪ್ಪಿದರೆ ಮಾವನವರ ಜೊತೆ ಕೂತು ಮಾತಾಡಿ. ಸಹಿ ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು, ನಿಮಗಲ್ಲ.