ಹೆಂಗಸರ ಗುಳಿಗೆ ಅಂತ ಬಿಡಬೇಡ, ತಮ್ಮಾ

ಪ್ರಶ್ನೆ: ನನಗೆ 49. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ನಾಲ್ಕು ತಿಂಗಳ ಹಿಂದೆ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು. ಊರಲ್ಲಿ ಕೊಬ್ಬಿನ ಗಡ್ಡೆ ತೆಗೆಸಿದೆ ಅಂತ ಹೇಳಿದ್ದೇನೆ. ನಿಜ ಗೊತ್ತಿರುವುದು ಹೆಂಡತಿಗೆ ಮಾತ್ರ. ಈಗ ಟಾಮಾಕ್ಸಿಫೆನ್ ಗುಳಿಗೆ ನಡೆದಿದೆ. ಔಷಧದ ಅಂಗಡಿ ಹುಡುಗ ‘ಇದು ಅಕ್ಕಾರಿಗೇನ್ರಿ?’ ಅಂದ. ರಾತ್ರಿ ಹಾಸಿಗೆ ತೋಯುವಷ್ಟು ಬೆವರು. ಐದು ವರ್ಷ ನುಂಗಲೇಬೇಕಾ? ಮಗಳ ಮದುವೆ ಮಾತು ನಡೆದಿದೆ, ಅವಳಿಗೆ ಹೇಳಲಾ ಬೇಡವಾ?
– ಹೆಸರು ಬೇಡ, ಹಾವೇರಿ ಜಿಲ್ಲೆ

(ಇದೇ ಕಾಯಿಲೆ ಕಂಡ ಬೆಟಗೇರಿಯ ಟೇಲರ್ ಒಬ್ಬರಿಗೆ ಈ ಪತ್ರ ಕಳಿಸಿದ್ದೆವು. ಅವರ ಉತ್ತರ ಇದು.)

ತಮ್ಮಾ, ನನಗೆ 63. ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಮೂವತ್ತೈದು ವರ್ಷ ಊರವರ ಎದೆಗೆಲ್ಲ ಟೇಪು ಹಿಡಿದೆ, ನನ್ನ ಎದೆಯ ಗಂಟು ಗೊತ್ತಾಗಲಿಲ್ಲ. ಬನಿಯನ್ನಿನ ಎಡಗಡೆ ದಿನಾ ಒಂದೇ ಜಾಗದಲ್ಲಿ ಕಲೆ. ಒಗೆಯುವಾಗ ಕಂಡವಳು ಹೆಂಡತಿ. ಮಷಿನ್ ಎಣ್ಣೆ ಇರಬೇಕು ಅಂದೆ. ‘ಎಣ್ಣಿ ಕಲೆ ನನಗ ಗೊತ್ತಿಲ್ಲೇನು?’ ಅಂದಳು. ತೊಟ್ಟು ಒಳಗೆ ಎಳೆದುಕೊಂಡಿತ್ತು. ನೋವಿರಲಿಲ್ಲ, ಅದಕ್ಕೇ ಐದು ತಿಂಗಳು ಸುಮ್ನೆ ಕಳೆದೆ.

ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇಗೆ ಹೋದಲ್ಲಿ ಫಾರಂ ಕೊಟ್ಟರು. ‘ಕೊನೆಯ ಮುಟ್ಟಿನ ದಿನಾಂಕ’ ಅಂತ ಒಂದು ಸಾಲು! ಸುತ್ತ ಎಲ್ಲ ಹೆಂಗಸರು. ಒಳಗಿಂದ ನನ್ನ ಹೆಸರಿಗೆ ‘ಶ್ರೀಮತಿ’ ಸೇರಿಸಿ ಕೂಗಿದರು. ಏಳಲಿಲ್ಲ ನಾನು. ಎರಡನೇ ಸಲ ಕೂಗಿದಾಗ ಪಕ್ಕದ ಅಜ್ಜಿ ‘ಹೋಗೋ ಯಪ್ಪಾ, ನಿಂದ ಪಾಳಿ’ ಅಂದಳು. ಅವಳು ನಗಲಿಲ್ಲ, ನೋಡು.

ಗುಳಿಗೆ ವಿಷಯ. ಈಸ್ಟ್ರೋಜೆನ್ ಅನ್ನುವ ಹಾರ್ಮೋನು ಗಂಡಸರ ಮೈಯಲ್ಲೂ ಸ್ವಲ್ಪ ಇರುತ್ತದೆ. ನಮಗೆ ಬರುವ ಈ ಕ್ಯಾನ್ಸರ್ ಬಹುತೇಕ ಅದರ ಬಲದಿಂದಲೇ ಬೆಳೆಯುವಂಥದ್ದು. ಮೈಯಲ್ಲಿ ಎಲ್ಲಾದರೂ ಕಣ ಉಳಿದಿದ್ದರೆ ಆ ಬಲ ಸಿಗದ ಹಾಗೆ ಗುಳಿಗೆ ಅಡ್ಡ ನಿಲ್ಲುತ್ತದೆ. ನಾನು ದಿನಾ 20 ಮಿಲಿಗ್ರಾಂ, ಐದು ವರ್ಷ ನುಂಗಿದೆ. ನಡುವೆ ಯಾರಿಗೂ ಹೇಳದೆ ಇಪ್ಪತ್ತು ದಿನ ಬಿಟ್ಟಿದ್ದೆ, ಡಾಕ್ಟರಿಂದ ಸರಿಯಾಗಿ ಬೈಸಿಕೊಂಡೆ. ಬೆವರಿಗೆ ನನಗೆ ಆಗಿಬಂದದ್ದು ತೆಳು ಹತ್ತಿಯ ಅಂಗಿ, ಸಂಜೆ ಮೇಲೆ ಚಹಾ ಬಂದ್. ವರ್ಷ ಕಳೆದ ಮೇಲೆ ಕಾವು ತಗ್ಗಿತು. ತಡೆಯದಿದ್ದರೆ ಡಾಕ್ಟರಿಗೆ ಹೇಳು, ನೀನಾಗಿ ಬಿಡಬೇಡ. ಆದರೆ ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಏಕಾಏಕಿ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಓಡು. ಈ ಗುಳಿಗೆಯಿಂದ ರಕ್ತ ಹೆಪ್ಪುಗಟ್ಟುವುದುಂಟು.

ನೀನು ಬರೆಯದ ಒಂದು ಮಾತು. ಹಾಸಿಗೆಯಲ್ಲಿ ಆಸೆ ಕುಗ್ಗಬಹುದು. ನನಗೆ ಕುಗ್ಗಿತು. ಅದಕ್ಕೆ ತಾಕತ್ತಿನ ಮದ್ದು ಅಂತ ಕಂಡದ್ದು ತಿನ್ನಬೇಡ. ಅದರಲ್ಲಿ ಗಂಡು ಹಾರ್ಮೋನು ಸೇರಿದ್ದರೆ ಮೈ ಅದನ್ನೂ ಈಸ್ಟ್ರೋಜೆನ್ ಮಾಡಿಕೊಳ್ಳುತ್ತದೆ.

ಆಪರೇಷನ್ ಆದ ಮೇಲೆ ಕೈ ಎತ್ತುವ ವ್ಯಾಯಾಮ ಹೇಳಿರಬೇಕಲ್ವಾ? ನಾನು ಬೆರಳನ್ನು ಗೋಡೆ ಮೇಲೆ ಹತ್ತಿಸಿ, ದಿನಾ ಮುಟ್ಟಿದ ಎತ್ತರಕ್ಕೆ ಬಟ್ಟೆಗೆ ಗುರುತು ಹಾಕುವ ಚಾಕಿನಿಂದಲೇ ಗೆರೆ ಎಳೆದೆ. ಅಂಗಡಿಗೆ ಸುಣ್ಣ ಹೊಡೆಯುವಾಗಲೂ ಆ ಗೋಡೆ ಬಿಟ್ಟಿದ್ದೇವೆ.

ಮಗಳಿಗೆ ಹೇಳು. ಗಂಡಸರಿಗೆ ಇದು ಬಂದರೆ ಜೀನ್ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ನನ್ನದರಲ್ಲಿ ಬಿಆರ್‌ಸಿಎ2 ಅನ್ನುವ ಜೀನ್ ಕೆಟ್ಟಿದ್ದು ಸಿಕ್ಕಿತು. ಅದು ಕೆಟ್ಟರೆ ಈ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ಆ ಕೆಟ್ಟ ಜೀನ್ ಮಕ್ಕಳಿಗೆ ದಾಟುವ ಸಾಧ್ಯತೆ ಎರಡಕ್ಕೆ ಒಂದು, ಗಂಡಾಗಲಿ ಹೆಣ್ಣಾಗಲಿ. ‘ಅಪ್ಪನಿಂದನೂ ಬರತದೇನು?’ ಅಂತ ನನ್ನ ಮಗಳೇ ಕೇಳಿದಳು. ಲಕ್ಷ್ಮೇಶ್ವರದ ಸೋದರತ್ತೆ ನಲವತ್ತೆರಡಕ್ಕೆ ‘ಎದೆ ಹುಣ್ಣಾಗಿ’ ತೀರಿಕೊಂಡದ್ದು ನನಗೆ ಆಗ ನೆನಪಾಯಿತು. ಮಗಳಲ್ಲೂ ಆ ಜೀನ್ ಇದೆ, ಮಗನಲ್ಲಿ ಇಲ್ಲ. ಅವಳು ಈಗ ವರ್ಷಾ ತಪಾಸಣೆಗೆ ಹೋಗುತ್ತಾಳೆ. ನಿನ್ನ ಜೀನ್ ಸರಿಯಿರಬಹುದು. ಸರಿಯಿದ್ದರೆ ಒಳ್ಳೆಯದೇ, ಪರೀಕ್ಷೆ ಮಾತ್ರ ಕೇಳಿ ಮಾಡಿಸು. ಬೀಗರಿಗೆ ಹೇಳುವುದೋ ಬಿಡುವುದೋ ಅವಳಿಗೆ ಬಿಡು.

ಊರಿಗೆಲ್ಲ ಸಾರಬೇಕಂತಿಲ್ಲ. ನಾನು ಅಂಗಡಿಯಲ್ಲಿ ಹೇಳಿದೆ. ನಕ್ಕವರು ಇಬ್ಬರು. ಇನ್ನೊಬ್ಬ ಮರುದಿನ ಸಫಾರಿ ಅಳತೆ ಕೊಡಲು ಬಂದು, ಪರದೆ ಎಳೆದು, ‘ಇಲ್ಲೊಂದು ಗಂಟೈತಿ, ಮುಟ್ಟಿ ನೋಡ್ರಿ’ ಅಂದ. ಟೇಪು ಕೆಳಗಿಟ್ಟು ಹುಬ್ಬಳ್ಳಿಗೆ ಕಳಿಸಿದೆ. ಸಫಾರಿ ಅವನು ವಾಪಸ್ ಬಂದ ಮೇಲೆ ಹೊಲಿದೆ.